ಹಾಸ್ಟೆಲ್ ಸೋಲಾರ್ ಬಿಸಿನೀರು: ಪೋಲಾಗುವುದು ಪೈಪಿನಲ್ಲಿ

ಸ್ನಾನದ ಇಪ್ಪತ್ತು ಲೀಟರ್ ಬಕೆಟ್‌ಗೆ 60 ಡಿಗ್ರಿಯ ನೀರು ಒಂಬತ್ತು ಲೀಟರ್ ಸಾಕು. ಉಳಿದದ್ದು 25 ಡಿಗ್ರಿಯ ತಣ್ಣೀರು. ಈ ಲೆಕ್ಕದಲ್ಲಿ ನೂರು ವಿದ್ಯಾರ್ಥಿಗಳ ಹಾಸ್ಟೆಲ್‌ಗೆ 2000 ಲೀಟರ್ ಸೋಲಾರ್ ಧಾರಾಳ. ಆದರೂ ಕೆಳಮಹಡಿಯವರು ತಣ್ಣೀರು ಮೀಯುತ್ತಾರೆ.

ಕಾರಣ ಪೈಪು. 25 ಮಿ.ಮೀ. ಒಳವ್ಯಾಸದ ಪೈಪಿನ ಪ್ರತಿ ಮೀಟರಿನಲ್ಲಿ ಅರ್ಧ ಲೀಟರ್ ನೀರು ನಿಂತಿರುತ್ತದೆ. ತಾರಸಿಯಿಂದ ನಲ್ಲಿಗೆ 30 ಮೀಟರ್ ಎಂದರೆ, ಬಿಸಿನೀರು ಬರುವ ಮೊದಲೇ 15 ಲೀಟರ್ ಮೋರಿಗೆ. ನೂರು ಕೋಣೆಗೂ ಬೇರೆ ಪೈಪು ಎಳೆಯುವುದು ಶುದ್ಧ ದುಂದು. ಸ್ನಾನದ ಮನೆಗಳು ಒಂದರ ಕೆಳಗೊಂದು ಇರಲಿ, ಒಂದೇ ಲಂಬ ಪೈಪಿಗೆ ಇನ್ಸುಲೇಷನ್ ಸುತ್ತಿ. ಉದ್ದ ಅನಿವಾರ್ಯವಾದರೆ ಪೈಪಿನಲ್ಲಿ ಆರಿದ ನೀರನ್ನು ಟ್ಯಾಂಕಿಗೆ ಮರಳಿಸುವ ರಿಟರ್ನ್ ಲೈನ್, ಸಣ್ಣ ಪಂಪು, ನೀರನ್ನು ಒಂದೇ ದಿಕ್ಕಿಗೆ ಬಿಡುವ ನಾನ್ ರಿಟರ್ನ್ ವಾಲ್ವ್ ಹಾಕಿ. ಪಂಪು ಬೆಳಗಿನ ಸ್ನಾನದ ಹೊತ್ತಿಗಷ್ಟೇ ಓಡಲಿ. ವಾಲ್ವ್ ಮರೆತರೆ ತಣ್ಣೀರು ಹಿಮ್ಮುಖವಾಗಿ ನುಗ್ಗುತ್ತದೆ.

ಇನ್ನೊಂದು ಪೋಲು, ಬಿಸಿಲು ಸಾಲದಾಗ ನೀರು ಕಾಯಿಸುವ ವಿದ್ಯುತ್ ಬ್ಯಾಕಪ್ ಹೀಟರ್‌ನದು. ನೀರು ತಣ್ಣಗಾದಾಗ ಹೀಟರನ್ನು ತಾನೇ ಹಚ್ಚುವ ಥರ್ಮೋಸ್ಟಾಟ್‌ಗೇ ಬಿಟ್ಟರೆ, ಬೆಳಗಿನ ಸ್ನಾನ ಮುಗಿದ ಕೂಡಲೇ ಅದು ಹೊಸ ನೀರನ್ನು ಕಾಯಿಸತೊಡಗುತ್ತದೆ. ಬಿಸಿಲಿಗೆ ಕೆಲಸವೇ ಇಲ್ಲ! 2000 ಲೀಟರನ್ನು 35 ಡಿಗ್ರಿ ಏರಿಸಲು ಸುಮಾರು 81 ಯೂನಿಟ್ ಬೇಕು. ಹೀಟರನ್ನು ನಸುಕಿಗಷ್ಟೇ ಹಚ್ಚುವ ಟೈಮರ್ ಕಡ್ಡಾಯ.

ಬೋರ್‌ವೆಲ್ ಗಡಸು ನೀರಾದರೆ ಚಪ್ಪಟೆ ಫಲಕದ ಸೋಲಾರ್, ಅಂದರೆ ಫ್ಲಾಟ್ ಪ್ಲೇಟ್‌ನ ಸಪೂರ ತಾಮ್ರದ ಕೊಳವೆಗಳು ಸುಣ್ಣ ಕಟ್ಟಿ ಮುಚ್ಚಿಹೋಗುತ್ತವೆ. ಅಲ್ಲಿ ಗಾಜಿನ ಕೊಳವೆಯದೇ ವಾಸಿ. ಬೆಂಗಳೂರಿನಲ್ಲಿ ಸೋಲಾರನ್ನು ದಕ್ಷಿಣಕ್ಕೆ ಮುಖಮಾಡಿ 25 ಡಿಗ್ರಿ ಓರೆ ಇಟ್ಟರೆ ಚಳಿಗಾಲಕ್ಕೆ ಅನುಕೂಲ. ಬಿಸಿನೀರು ಟ್ಯಾಂಕಿನಿಂದ ಗಾಳಿ, ಹಬೆ ಹೊರಬಿಡುವ ಪೈಪಿನ ತುದಿ ಮಾತ್ರ ತಣ್ಣೀರು ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮೇಲಿರಬೇಕು, ಇಲ್ಲವಾದರೆ ಅದರಿಂದಲೇ ನೀರು ಸುರಿಯುತ್ತದೆ.