ಡೇವಿಸ್: ಸೈಕಲ್‌ಗೆ ದಾರಿ ಬಿಟ್ಟುಕೊಟ್ಟ ಊರು

ಕ್ಯಾಲಿಫೋರ್ನಿಯಾದ ರಾಜಧಾನಿ ಸ್ಯಾಕ್ರಮೆಂಟೊಗೆ ಹೋಗುವ ಕ್ಯಾಪಿಟಲ್ ಕಾರಿಡಾರ್ ರೈಲಿನಲ್ಲಿ ಸೈಕಲ್ ನಿಲ್ಲಿಸೋಕೆ ಅಂತಲೇ ಜಾಗ ಇದೆ. ಡೇವಿಸ್ ಬಂದಾಗ ನಮ್ಮ ಬೋಗಿಯಿಂದ ಜನರ ಜೊತೆ ಸೈಕಲ್‌ಗಳೂ ಇಳಿದವು. ನಾವು ಊರೊಳಗೆ ಬಾಡಿಗೆ ಸೈಕಲ್ ತೆಗೆದುಕೊಂಡು ಹೊರಟೆವು.

ಕ್ಯಾಲಿಫೋರ್ನಿಯಾದ ಈ ಊರು ಪೂರ್ತಿ ಸಪಾಟು. ಏರು ಅಂತ ಸಿಗುವುದು ಹೈವೇ ದಾಟಿಸುವ ಸೇತುವೆಗಳಲ್ಲಿ ಮಾತ್ರ. ಆದರೆ ನೆಲ ಸಪಾಟಾಗಿದ್ದರೆ ಸಾಲದು, ಅಲ್ವಾ? 1960ರ ದಶಕದಲ್ಲಿ ಫ್ರಾಂಕ್ ಮತ್ತು ಈವ್ ಚೈಲ್ಡ್ ದಂಪತಿ ನೆದರ್‌ಲ್ಯಾಂಡ್ಸ್‌ನಲ್ಲಿ ಇದ್ದು ಬಂದು, ನಮ್ಮೂರಲ್ಲೂ ಸೈಕಲ್‌ಗೆ ಬೇರೆ ದಾರಿ ಬೇಕು ಅಂತ ಪಟ್ಟು ಹಿಡಿದರು. ಆಗಿನ ನಗರಸಭೆ ಒಪ್ಪಲಿಲ್ಲ. 1966ರ ನಗರಸಭೆ ಚುನಾವಣೆಯಲ್ಲಿ ಅದೇ ವಿಷಯವಾಯಿತು, ಸೈಕಲ್ ದಾರಿ ಬೇಕು ಅಂದವರು ಗೆದ್ದರು. ಮರುವರ್ಷ ರಸ್ತೆಯ ಮೇಲೆ ಸೈಕಲ್ ಲೇನಿನ ಗೆರೆ ಬಿತ್ತು. ಅಮೆರಿಕದಲ್ಲಿ ಅಂಥದ್ದು ಅದೇ ಮೊದಲು.

ಆ ಹಠದ ಫಲ ಚೆನ್ನಾಗಿ ಕಾಣುವುದು ಯೂನಿವರ್ಸಿಟಿ ಕ್ಯಾಂಪಸ್‌ನಲ್ಲಿ. ನಡುಭಾಗಕ್ಕೆ ಕಾರುಗಳಿಗೆ ಪ್ರವೇಶವಿಲ್ಲ. ದಾರಿಗಳು ಸೇರುವಲ್ಲಿ ಸೈಕಲ್‌ಗೆಂದೇ ದುಂಡನೆಯ ವೃತ್ತಗಳಿವೆ. ತರಗತಿ ಬಿಟ್ಟ ಹೊತ್ತಿಗೆ ಒಂದು ವೃತ್ತದ ಪಕ್ಕ ನಿಂತು ನೋಡಿದೆ. ನಾಲ್ಕೂ ಕಡೆಯಿಂದ ಸೈಕಲ್‌ಗಳು ನುಗ್ಗಿ ಬಂದವು. ಒಳಗೆ ಬರುವವರು ಒಂದು ಕ್ಷಣ ಪೆಡಲ್ ನಿಲ್ಲಿಸಿ, ಒಳಗಿರುವವರಿಗೆ ದಾರಿ ಬಿಟ್ಟು, ಸಂದಿ ನೋಡಿ ಸೇರಿಕೊಳ್ಳುತ್ತಾರೆ. ಹೊರಗೆ ತಿರುಗುವವರು ಕೈ ಚಾಚುತ್ತಾರೆ. ಸಿಗ್ನಲ್ ಇಲ್ಲ, ಪೊಲೀಸ್ ಇಲ್ಲ, ಆದರೂ ಗೊಂದಲ ಇಲ್ಲ. ನನಗಂತೂ ಅಲ್ಲಿಂದ ಕದಲುವ ಮನಸ್ಸೇ ಆಗಲಿಲ್ಲ.

ಅದೇ ಕ್ಯಾಂಪಸ್‌ಗೆ ಅಂಟಿಕೊಂಡು ಪ್ಯುಟಾ ಕ್ರೀಕ್ ಅನ್ನುವ ಹೊಳೆಯ ಹಳೇ ಪಾತ್ರದ ಉದ್ದಕ್ಕೂ ಆರ್ಬೊರೇಟಂ, ಅಂದರೆ ಬಗೆಬಗೆಯ ಮರಗಳ ತೋಟ, ಇದೆ. ಬಿಸಿಲು ಜಾಸ್ತಿ ಅನಿಸಿದಾಗ ಅಲ್ಲಿನ ರೆಡ್‌ವುಡ್ ಮರಗಳ ಕೆಳಗೆ ಸುಮ್ನೆ ಕೂತೆವು.

ಪಶ್ಚಿಮದ ಕಡೆ ಇರುವ ವಿಲೇಜ್ ಹೋಮ್ಸ್ ನನಗೆ ಇನ್ನೂ ಇಷ್ಟವಾಯಿತು. ಮೈಕೆಲ್ ಮತ್ತು ಜೂಡಿ ಕಾರ್ಬೆಟ್ 1970ರ ದಶಕದಲ್ಲಿ ಕಟ್ಟಿಸಿದ ಬಡಾವಣೆ ಇದು. ಚಳಿಗಾಲದ ಬಿಸಿಲು ಒಳಗೆ ಬೀಳಲಿ ಅಂತ ಮನೆಗಳನ್ನು ದಕ್ಷಿಣಕ್ಕೆ ತೆರೆದಿದ್ದಾರೆ. ರಸ್ತೆ ಕಿರಿದು, ಹಾಗಾಗಿ ಮರದ ನೆರಳು ಅದನ್ನು ಪೂರ್ತಿ ಮುಚ್ಚುತ್ತದೆ. ಮಳೆ ನೀರನ್ನು ಪೈಪಿನಲ್ಲಿ ಓಡಿಸದೆ, ಮನೆಗಳ ನಡುವಿನ ಹುಲ್ಲಿನ ತಗ್ಗುಗಳಲ್ಲಿ ನಿಲ್ಲಿಸಿ ಇಂಗಿಸುತ್ತಾರೆ. ಸೈಕಲ್ ದಾರಿಯ ಪಕ್ಕದಲ್ಲೇ ಹಣ್ಣಿನ ಮರಗಳು, ದ್ರಾಕ್ಷಿ ಬಳ್ಳಿ.

ಪೋಲ್ ಲೈನ್ ರಸ್ತೆಯ ಮೇಲ್ಸೇತುವೆ ಕಟ್ಟುವಾಗ ಕಪ್ಪೆಗಳು ದಾಟಲಿ ಅಂತ 1990ರ ದಶಕದಲ್ಲಿ ಕೆಳಗೊಂದು ಪುಟ್ಟ ಸುರಂಗ ಇಟ್ಟಿದ್ದಾರೆ. ಇದನ್ನು ಕೇಳಿ ನಗುವವರು ಬಹಳ. ನನಗೆ ಮಾತ್ರ ಆ ಯೋಚನೆ ಬಂದದ್ದೇ ದೊಡ್ಡದು ಅನಿಸಿತು.

ಒಂದು ಕೊರತೆಯನ್ನೂ ಹೇಳಬೇಕು. ಮನೆ ಬೆಲೆ ವಿಪರೀತ. ಇಲ್ಲಿ ಕೆಲಸ ಮಾಡುವ ಎಷ್ಟೋ ಜನ ಅಕ್ಕಪಕ್ಕದ ಊರುಗಳಿಂದ ಕಾರಿನಲ್ಲೇ ಬರುತ್ತಾರೆ.

ಹೋಗುವುದಾದರೆ ಶನಿವಾರ ಸೇರಿಸಿಕೊಳ್ಳಿ. ಬೆಳಗ್ಗೆ ಸೆಂಟ್ರಲ್ ಪಾರ್ಕಿನಲ್ಲಿ ರೈತರ ಸಂತೆ ಇರುತ್ತದೆ. ಬೇಸಿಗೆಯಾದರೆ ಮಧ್ಯಾಹ್ನ ಸೈಕಲ್ ಮುಟ್ಟಬೇಡಿ. ಸಂಜೆ ಡೆಲ್ಟಾ (ನದಿಗಳ ಮುಖಜ ಭೂಮಿ) ಕಡೆಯಿಂದ ತಂಪು ಗಾಳಿ ಬೀಸಲು ಶುರುವಾದ ಮೇಲೆ ಹೊರಡಿ.