ಬದನೆಕಾಯಿ ಒಂದೇ ಬುಟ್ಟಿಯದು, ಖಾರ ಅವರವರದು

ಓಣಿಯ ಎಣಗಾಯಿ ಸ್ಪರ್ಧೆಯಲ್ಲಿ ಜಗಳ ಹತ್ತಿದ್ದು ಖಾರದ ಪುಡಿಗೆ. ಬದನೆಕಾಯಿ, ಶೇಂಗಾ, ಎಣ್ಣೆ, ಬೆಲ್ಲ ಎಲ್ಲವನ್ನೂ ವಂತಿಗೆ ದುಡ್ಡಿನಲ್ಲಿ ಒಟ್ಟಿಗೆ ತಂದು ಹಂಚಬೇಕು, ಯಾರಿಗೂ ಹೆಚ್ಚುಕಡಿಮೆ ಆಗಬಾರದು ಅಂತ ಓಣಿಯ ಹೆಣ್ಣುಮಕ್ಕಳು ಠರಾವು ಮಾಡಿಯಾಗಿತ್ತು. ಅಷ್ಟರಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು, "ಹಂಗಾದ್ರ ಖಾರಾನೂ ಒಂದ ಅಂಗಡೀದು ಇರ್ಲಿ ಬಿಡ್ರಿ, ಕೈರುಚಿ ಯಾರದು ಅಂತ ಆವಾಗ ಖರೇ ಗೊತ್ತಾಗ್ತೈತಿ" ಅಂದಳು. ಮಾತು ನ್ಯಾಯವಾಗೇ ಇತ್ತು. ಆದರೆ ಮೇಲಿನ ಮನೆ ಅಜ್ಜಿ ಕುರ್ಚಿಯಿಂದ ಎದ್ದೇಬಿಟ್ಟರು.

"ಖಾರ ನಿಮ್ಮದಾದ್ರ ಪಲ್ಯಾನೂ ನೀವ ಮಾಡ್ಕೊರಿ. ನಾ ಬರಂಗಿಲ್ಲ."

ಧಾರವಾಡದಲ್ಲಿ ಸಪ್ತಾಪುರದ ಕಡೆ ನಮ್ಮ ಓಣಿ. ಭೋಗಿ ಬಂತೆಂದರೆ ಮನೆಮನೆಯಲ್ಲೂ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಜತೆಗೆ ಎಣಗಾಯಿ. ಅವತ್ತು ಈ ಮನೆಯ ಡಬ್ಬಿ ಆ ಮನೆಗೆ, ಆ ಮನೆಯದು ಈ ಮನೆಗೆ. ಡಬ್ಬಿ ಬಂದಾಗ "ಭಾಳ ಛಲೋ ಆಗೇತ್ರಿ", ಬಾಗಿಲು ಹಾಕಿದ ಮೇಲೆ "ಉಪ್ಪ ಇಲ್ಲ ನೋಡು." ಹಿಂದೆ ಆಡುವ ಮಾತನ್ನು ಮುಂದೇ ಆಡಿಬಿಡೋಣ ಅಂತ ಯಾರಿಗೋ ಹೊಳೆದು, ಭೋಗಿಗೆ ಮೊದಲಿನ ಭಾನುವಾರ ಎಣಗಾಯಿ ಸ್ಪರ್ಧೆ ಇಟ್ಟರು. ಕಾಲೇಜಿನಲ್ಲಿ ಗಣಿತ ಕಲಿಸಿದವನು ಎಂಬ ಒಂದೇ ಅರ್ಹತೆಯ ಮೇಲೆ ಅಂಕ ಕೂಡಿಸುವ ಕೆಲಸ ನನ್ನ ಪಾಲಿಗೆ ಬಂತು. ಹೆಂಡತಿ ಸ್ಪರ್ಧೆಯಲ್ಲಿದ್ದಾಳಲ್ಲ, ಸರಿಯೇ ಅಂತ ಕೇಳಿದೆ. ಗದಗಿನ ವೈನಿ ನಕ್ಕುಬಿಟ್ಟರು: "ಹೆಚ್ಚು ಬರದ್ರ ನಾವು ಬಿಡಂಗಿಲ್ಲ, ಕಡಿಮಿ ಬರದ್ರ ಆಕಿ ಬಿಡಂಗಿಲ್ಲ. ನಿಮಗಿಂತಾ ನಿಯತ್ತಿನವ್ರು ಎಲ್ಲಿ ಸಿಗ್ತಾರ್ರಿ?"

ಖಾರದ ವಿಷಯದಲ್ಲಿ ಕೊನೆಗೆ ಅಜ್ಜಿಯೇ ಗೆದ್ದರು. ಗೆಲ್ಲಬೇಕಾದ್ದೇ. ನಮ್ಮ ಕಡೆ ಎಣಗಾಯಿ ರುಚಿ ಅರ್ಧಕ್ಕರ್ಧ ನಿರ್ಧಾರವಾಗುವುದು ಒಲೆಯ ಮುಂದಲ್ಲ, ಹಿಂದಿನ ಬೇಸಿಗೆಯಲ್ಲಿ ಖಾರ ಕುಟ್ಟಿಸುವಾಗ. ಹಾವೇರಿ ಜಿಲ್ಲೆಯ ಬ್ಯಾಡಗಿ ಪೇಟೆಗೆ ಹೊಸ ಮೆಣಸಿನಕಾಯಿ ಬಂದ ಮೇಲೆ ಮನೆಮನೆಯ ಮಾಳಿಗೆ ಕೆಂಪಾಗುತ್ತದೆ. ಡಬ್ಬಿ ತಗೋಬೇಕೋ ಕಡ್ಡಿಯೋ ಎಂಬ ಚರ್ಚೆ ಅಲ್ಲಿಂದಲೇ ಶುರು. ಡಬ್ಬಿ ಗಿಡ್ಡಗೆ, ದುಂಡಗೆ. ಕಡ್ಡಿ ಉದ್ದ, ಸಪೂರ, ಮೈತುಂಬ ಸುಕ್ಕು. ಎರಡೂ ಬಣ್ಣಕ್ಕೆ ಹೆಸರಾದವು, ನಾಲಿಗೆ ಸುಡುವುದಕ್ಕಲ್ಲ. ಈ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ನಮ್ಮ ಅಜ್ಜಿಯಂಥವರು ಅದಕ್ಕೂ ಎಷ್ಟೋ ಮೊದಲೇ ಕೊಟ್ಟುಬಿಟ್ಟಿದ್ದರು. ಉರಿ ಬೇಕಾದವರು ಒಂದಿಷ್ಟು ಗುಂಟೂರು ಬೆರೆಸುತ್ತಾರೆ. ಎಷ್ಟು ಬೆರೆಸುತ್ತಾರೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಆಮೇಲೆ ಹುರಿದ ಕೊತ್ತಂಬರಿ ಬೀಜ, ಜೀರಿಗೆ, ಮೆಂತ್ಯ, ಲವಂಗ, ಒಣಕೊಬ್ಬರಿ, ಬಳ್ಳೊಳ್ಳಿ. ಕೆಲವರು ಉಳ್ಳಾಗಡ್ಡಿಯನ್ನೂ ಕರಿದು ಹಾಕುತ್ತಾರೆ. ಗಿರಣಿಯಲ್ಲಿ ಸೀನುತ್ತಾ ಕೂತು ಕುಟ್ಟಿಸಿಕೊಂಡು ಬಂದು, ನಡುವೆ ಇಂಗಿನ ಹರಳು ಇಟ್ಟು ಭರಣಿಗೆ ಒತ್ತಿದರೆ ವರ್ಷದ ಹಣೆಬರಹ ಬರೆದಂತೆ. ಅದನ್ನು ಬಿಟ್ಟು ಅಂಗಡಿ ಪೊಟ್ಟಣದಲ್ಲಿ ಅಡಿಗೆ ಮಾಡು ಅಂದರೆ ಅಜ್ಜಿ ಏಳದೆ ಇನ್ನೇನು ಮಾಡಿಯಾರು?

ಬದನೆಕಾಯಿಗೆ ಬೆಳಿಗ್ಗೆಯೇ ಸೂಪರ್ ಮಾರ್ಕೆಟ್ಟಿಗೆ ಹೋದೆವು. ತೊಟ್ಟಿನ ಮುಳ್ಳು ಕೈಗೆ ಚುಚ್ಚಬೇಕು, ಮೈ ಮಿಂಚಬೇಕು, ಗಾತ್ರ ಲಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದಿರಬೇಕು. ಒಟ್ಟು 11 ಮನೆ. ಅಡಿಗೆ ಅವರವರ ಮನೆಯಲ್ಲಿ. 12 ಗಂಟೆಯೊಳಗೆ ಡಬ್ಬಿ ಹನುಮಪ್ಪನ ಗುಡಿಯ ಅಂಗಳ ಸೇರಬೇಕು. ಹೆಸರಿನ ಬದಲು ಡಬ್ಬಿಗೆ ನಂಬರಿನ ಚೀಟಿ.

ತೀರ್ಪುಗಾರರು ಮೂವರು. ಖಾನಾವಳಿ ನಡೆಸುವ ಅಕ್ಕ. ಕೃಷಿ ವಿಶ್ವವಿದ್ಯಾಲಯದಿಂದ ನಿವೃತ್ತರಾದ ಕಾಕಾ. ಮೂರನೆಯವನು ಪಕ್ಕದ ಪಿಜಿಯಲ್ಲಿದ್ದುಕೊಂಡು ಕೆಎಎಸ್ ಪರೀಕ್ಷೆಗೆ ಓದುವ ಹುಡುಗ. ನಮ್ಮ ಸಪ್ತಾಪುರದಲ್ಲಿ ಇಂಥ ಹುಡುಗರಿಗೇನು ಬರವಿಲ್ಲ. ಮೆಸ್ಸಿನ ಊಟದಿಂದ ಬಂದ ಆ ಹುಡುಗ ಎಲ್ಲ ಡಬ್ಬಿಗೂ ಹತ್ತಕ್ಕೆ ಹತ್ತು ಕೊಟ್ಟ. ಲೆಕ್ಕದ ಪ್ರಕಾರ ಆ ಅಂಕಗಳು ಇದ್ದರೂ ಅಷ್ಟೇ, ಇರದಿದ್ದರೂ ಅಷ್ಟೇ. ನಾನು ಸುಮ್ಮನೆ ಬರೆದುಕೊಂಡೆ.

ಕಾಗದದ ಬಟ್ಟಲು, ಚಮಚ ಜೋಡಿಸಿದ್ದನ್ನು ಕಂಡು ಖಾನಾವಳಿ ಅಕ್ಕ ಬಂದ ಕೂಡಲೇ ಮುಖ ಕಿವುಚಿದರು. "ಎಣಗಾಯಿ ಚಮಚದಾಗ ತಿಂದು ನಂಬರ ಕೊಡು ಅಂದ್ರ ನನ್ ಕಡೆ ಆಗೂದಿಲ್ರಿ. ರೊಟ್ಟಿ ತರಸ್ರಿ." ಹೀಗಾಗಿ ಗುಡಿಯ ಹಿಂದೆ ಒಲೆ ಹೂಡಿ ಜೋಳದ ಬಿಸಿ ರೊಟ್ಟಿ ಬಡಿಯಲು ಇಬ್ಬರನ್ನು ಕೂರಿಸಬೇಕಾಯಿತು. ಒಂದು ತಾಸು ತಡವಾಯಿತು, ಆದರೆ ಅವರು ಹೇಳಿದ್ದೇ ಸರಿ. ಬರೀ ಬಾಯಲ್ಲಿ ಉಪ್ಪು, ಖಾರ ಜಾಸ್ತಿ ಅನಿಸಿದ ಪಲ್ಯ ರೊಟ್ಟಿಯ ಜತೆಗೆ ಹದಕ್ಕೆ ಬರುತ್ತಿತ್ತು. ಚಮಚದಲ್ಲಿ ರುಚಿಯಾಗಿದ್ದದ್ದು ರೊಟ್ಟಿಯಲ್ಲಿ ಸಪ್ಪೆ.

ನಾಲ್ಕನೇ ನಂಬರಿನ ಮುಚ್ಚಳ ತೆಗೆದಾಗ ಎಲ್ಲರೂ "ಅಬ್ಬ" ಅಂದರು. ಮೇಲೆ ಒಂದು ಬೆರಳು ಕೆಂಪೆಣ್ಣೆ. ಮೆಣಸಿನಕಾಯಿಯ ಬಣ್ಣ ನೀರಿಗೆ ಬಿಡುವುದಿಲ್ಲ, ಎಣ್ಣೆಗೇ ಬಿಡುವುದು, ಅದಕ್ಕೇ ಸಣ್ಣ ಉರಿಯಲ್ಲಿ ಎಣ್ಣೆ ಮೇಲೆ ಬರುವ ತನಕ ಕಾಯಬೇಕು ಅಂತ ಕಾಕಾ ಒಂದು ಪಾಠವನ್ನೇ ಮಾಡಿ ಬಣ್ಣದ ಅಂಕ ಪೂರ್ತಿ ಕೊಟ್ಟರು. ಅಕ್ಕ ಕಾಯಿ ಮುರಿದು ನೋಡಿ, "ಬಣ್ಣ ಕಣ್ಣಿಗಾತ್ರಿ, ಒಳಗ ಉಪ್ಪ ಹತ್ತಿಲ್ಲ" ಅಂದು ಮುಂದೆ ಸರಿದರು.

ಏಳನೆಯದಕ್ಕೆ ತಕರಾರು ಎದ್ದಿತು. ಕಾಯಿ ಮೊದಲು ಕರಿದು ಆಮೇಲೆ ಮಸಾಲೆಗೆ ಇಳಿಸಿದ್ದು ಎದ್ದು ಕಾಣುತ್ತಿತ್ತು. ಇದು ಎಣಗಾಯಿ ಅಲ್ಲ, ಬಗಾರಾ ಬೈಂಗನ್ ಅಂತ ಯಾರೋ ಅಂದದ್ದೇ ತಡ, ಮೂಲೆಮನೆ ಆಪಾ ನಂಬರಿನ ಗುಟ್ಟೆಲ್ಲ ಮರೆತು ಮುಂದೆ ಬಂದರು. "ಶೇಂಗಾ ಹಾಕೀನಿ, ಎಳ್ಳು ಹಾಕೀನಿ, ಕೊಬ್ರಿ, ಹುಣಸಿಹಣ್ಣು ಹಾಕೀನಿ, ಕಾಯಿ ತೊಟ್ಟು ಬಿಡಿಸದ ನಾಕ ಸೀಳ ಸೀಳೀನಿ. ಇನ್ನೇನ ಬೇಕ್ರಿ ನಿಮ್ಗ?" ಯಾರ ಬಳಿಯೂ ಉತ್ತರವಿರಲಿಲ್ಲ. ಹಾಗೆ ನೋಡಿದರೆ ನಂಬರಿನ ಗುಟ್ಟು ಮೊದಲಿನಿಂದಲೂ ತೋರಿಕೆಗಷ್ಟೇ. ನಮ್ಮ ಮನೆಯ ಡಬ್ಬಿ ತೆರೆದಾಗ ನನಗೂ ಮುಚ್ಚಳದಿಂದಲೇ ಗೊತ್ತಾಗಿತ್ತು; ವರ್ಷಗಟ್ಟಲೆ ಮೂಗಿಗೆ ಬಡಿದ ಖಾರ ಅದು. ಸುತ್ತ ನಿಂತ ಗಂಡಸರ ಮುಖ ನೋಡಿದರೆ ಯಾವ ಡಬ್ಬಿ ಯಾರದೆಂದು ಯಾರು ಬೇಕಾದರೂ ಹೇಳಬಹುದಿತ್ತು.

ಮಾಳಮಡ್ಡಿಯಿಂದ ಬಂದ ವೈನಿಯದು ಉಳ್ಳಾಗಡ್ಡಿ, ಬಳ್ಳೊಳ್ಳಿ ಇಲ್ಲದ ಪಲ್ಯ. ಹುಳಿ, ಬೆಲ್ಲ, ಇಂಗು ಮುಂದು. "ನಮ್ಮ ಕಡೆ ಹಿಂಗ ಮಾಡೂದು ಅದ, ಬ್ಯಾರೆ ಬರಂಗಿಲ್ಲ" ಅಂತ ಅವರು ಮೊದಲೇ ಹೇಳಿಟ್ಟಿದ್ದರು. ನನಗಂತೂ ಅದು ಬಿಸಿ ಅನ್ನಕ್ಕೆ ಸರಿ ಅನಿಸಿತು, ರೊಟ್ಟಿಗೆ ಸ್ವಲ್ಪ ಸಿಹಿ. ಅನ್ನದ ಸ್ಪರ್ಧೆ ಇಟ್ಟಿದ್ದರೆ ಅವರೇ ಮೊದಲು.

ಒಂಬತ್ತನೆಯ ಡಬ್ಬಿಯಲ್ಲಿ ನೋಡಲು ಏನೂ ಇರಲಿಲ್ಲ. ಮಣ್ಣಿನ ಬಣ್ಣ, ಅಲ್ಲಲ್ಲಿ ಗುರೆಳ್ಳಿನ ಕಪ್ಪು. ಕಾಕಾ ಬಣ್ಣಕ್ಕೆ ಕೊಟ್ಟಿದ್ದು ನಾಲ್ಕೇ ಅಂಕ. ಗುರೆಳ್ಳು ಮೋಸದ ಕಾಳು: ಹುರಿಯುವಾಗ ಸ್ವಲ್ಪ ಮೈಮರೆತರೂ ಕಹಿ. ಇಲ್ಲಿ ಕಹಿ ಇರಲಿಲ್ಲ. ಮಸಾಲೆ ಕಾಯಿಯ ತಿರುಳಿಗೇ ಇಳಿದಿತ್ತು. ಹಂಚಿದ ಶೇಂಗಾ ಎಣ್ಣೆಯ ಜತೆಗೆ ಮನೆಯ ಕುಸುಬಿ ಎಣ್ಣೆಯೂ ಒಂದಿಷ್ಟು ಬಿದ್ದಿದೆ ಅಂತ ನನ್ನ ಗುಮಾನಿ, ಆದರೆ ಅಂಕ ಬರೆಯುವವನು ಪೊಲೀಸನಲ್ಲ. ಅಕ್ಕ ಮಾತಾಡದೆ ತೊಟ್ಟನ್ನು ಚೀಪಿದರು. ಆಮೇಲೆ ಆ ಡಬ್ಬಿಗಾಗಿಯೇ ಇನ್ನೊಂದು ರೊಟ್ಟಿ ಕೇಳಿದರು. ಪೆನ್ನಿನ ಅಗತ್ಯ ಅಲ್ಲಿಗೇ ಮುಗಿದಿತ್ತು.

ಮೊದಲು ಅಜ್ಜಿ, ಎರಡನೆಯವರು ಆಪಾ. ಬಹುಮಾನ ಸ್ಟೀಲಿನ ಪರಾತ. ಖಾನಾವಳಿ ಅಕ್ಕ ಅಲ್ಲೇ ಎರಡು ಕಿಲೋ ಖಾರಕ್ಕೆ ರೊಕ್ಕ ಕೊಡಲು ಮುಂದಾದರು, ಅಜ್ಜಿ ಒಪ್ಪಲಿಲ್ಲ. ಅಳತೆಯನ್ನಾದರೂ ಹೇಳಿ ಅಂತ ಬ್ಯಾಂಕಿನ ಹುಡುಗಿ ಫೋನಿನಲ್ಲಿ ಬರೆದುಕೊಳ್ಳಲು ಕೂತಳು. "ಕೊತ್ತಂಬರಿ ಎರಡು ಹಿಡಿ." "ಹಿಡಿ ಅಂದ್ರ ಎಷ್ಟ ಗ್ರಾಂ ಅಜ್ಜಿ?" "ಹಿಡಿ ಅಂದ್ರ ನನ್ ಹಿಡಿ. ಬ್ಯಾಸಗ್ಯಾಗ ಬಾ, ಕೂಡಿ ಕುಟ್ಟೂಣು."

ನನ್ನ ಹೆಂಡತಿಗೆ ಬಂದದ್ದು ಐದನೇ ಸ್ಥಾನ. ಮನೆಗೆ ಬಂದವಳು ಒಂದೇ ಮಾತು ಆಡಿದಳು: "ನಮ್ಮದು ನಾಳೆ ಛಲೋ ಆಗ್ತೈತಿ." ಮರುದಿನ ಉಳಿದ ಎಣಗಾಯಿಯನ್ನು ಬಿಸಿ ಮಾಡಿ, ಡಬ್ಬಿ ಕಟ್ಟಿ ಖಾನಾವಳಿಗೆ ಕಳಿಸಿದಳು. ಒಯ್ದವನು ನಾನೇ. ಅಕ್ಕ ನಿಂತಲ್ಲೇ ಒಂದು ತುತ್ತು ತಿಂದು, ಇನ್ನೊಂದು ತಿಂದು, "ಸರ್, ನಿನ್ನೆ ಹಿಂಗ ಇದ್ದಿದ್ರ ಎರಡ ನಂಬರ ಹೆಚ್ಚ ಕೊಡ್ತಿದ್ದೆ ನೋಡ್ರಿ" ಅಂದರು. ಅದನ್ನು ಬಂದು ಹೇಳಿಬಿಟ್ಟೆ. ಎರಡು ಕೂಡಿಸಿದರೆ ಆಕೆಗೆ ಮೂರನೇ ಸ್ಥಾನ ಬರುತ್ತದೆ. ಲೆಕ್ಕ ನಾನು ಮಾಡುವ ಮೊದಲೇ ಆಕೆ ಮಾಡಿದ್ದಳು. ಅಂಕಪಟ್ಟಿ ಎಲ್ಲಿಟ್ಟಿದ್ದೀರಿ ಅಂತ ಅವತ್ತಿನಿಂದ ಕೇಳುತ್ತಲೇ ಇದ್ದಾಳೆ.