ಮೊದಲ ಓಟ ಗೆದ್ದ ಎಳೆ ಕುದುರೆ ಡರ್ಬಿ ಗೆಲ್ಲುತ್ತಾ?

ಕಂಬಳದ ಸೀಸನ್ ಶುರುವಾಯಿತೆಂದರೆ ಕಟಪಾಡಿಯಲ್ಲೋ ಐಕಳದಲ್ಲೋ ಕರೆಯ (ಕೋಣ ಓಡುವ ಕೆಸರಿನ ಗದ್ದೆಯ) ಬದಿಯಲ್ಲಿ ಯಾರಾದರೊಬ್ಬರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಬೆಂಗಳೂರಿನಲ್ಲಿದ್ದಾಗ ನಾನು ವರ್ಷಗಟ್ಟಲೆ ಕುದುರೆ ರೇಸ್ ನೋಡಿದವನು ಅಂತ ಅವರಿಗೆ ಗೊತ್ತು. ಫೋನಿನಲ್ಲಿ ಕುದುರೆ ಓಟದ ವಿಡಿಯೊ ತೋರಿಸಿ, "ಟೈಮಿಂಗ್ ಎಷ್ಟು ಚೆನ್ನಾಗಿದೆ ನೋಡಿ" ಅನ್ನುತ್ತಾರೆ.

ಟೈಮಿಂಗ್‌ನಿಂದ ಮಾತು ಶುರು ಮಾಡುವುದು ನಮ್ಮ ಕಡೆಯ ಅಭ್ಯಾಸ. 2020ರಲ್ಲಿ ಐಕಳದಲ್ಲಿ ಕೋಣ ಓಡಿಸುವ ಶ್ರೀನಿವಾಸ ಗೌಡರು 142.50 ಮೀಟರ್ ಓಡಲು ತೆಗೆದುಕೊಂಡ 13.62 ಸೆಕೆಂಡ್ ಇಲ್ಲಿ ಎಷ್ಟೋ ಜನರಿಗೆ ಬಾಯಿಪಾಠ. ಆದರೆ ಕಂಬಳದಲ್ಲಿ ಬಿಟ್ಟ ಗಳಿಗೆಯಿಂದ ಮಂಜೊಟ್ಟಿಯವರೆಗೆ, ಅಂದರೆ ಓಟ ಮುಗಿಯುವ ತುದಿಯವರೆಗೆ, ಒಂದೇ ಉಸಿರಿನ ಓಟ. ಕುದುರೆ ಹಾಗಲ್ಲ. 1600 ಮೀಟರ್ ಓಟದಲ್ಲಿ ಮುಂದಿರುವ ಕುದುರೆ ನಿಧಾನ ಮಾಡಿದರೆ ಹಿಂದಿನವೂ ನಿಧಾನ. ಮಳೆ ಬಂದು ನೆಲ ಮೆತ್ತಗಾದರೆ ಇನ್ನೂ ಜಾಸ್ತಿ ಹೊತ್ತು. ಅದಕ್ಕೇ ನಾನು ಮೊದಲು ನೋಡುವುದು ಸೋತ ಕುದುರೆಗಳ ಹೆಸರನ್ನು.

2010ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ನ್ಯೂಮಾರ್ಕೆಟ್‌ನಲ್ಲಿ ಎರಡು ವರ್ಷದ ಫ್ರಾಂಕೆಲ್ ತನ್ನ ಮೊದಲ ಓಟ ಗೆದ್ದಿತು. ಅಂತರ ಬರೀ ಅರ್ಧ ಲೆಂತ್, ಅಂದರೆ ಅರ್ಧ ಕುದುರೆಯಷ್ಟು ಉದ್ದ. ಆ ದಿನ ಅದರಲ್ಲಿ ದೊಡ್ಡದೇನೂ ಕಾಣುತ್ತಿರಲಿಲ್ಲ. ಎರಡನೆಯದಾಗಿ ಬಂದದ್ದು ನಥಾನಿಯಲ್. ಮರುವರ್ಷ ಅದು ಆಸ್ಕಾಟ್‌ನಲ್ಲಿ ಕಿಂಗ್ ಜಾರ್ಜ್ ಎಂಬ ದೊಡ್ಡ ಓಟ ಗೆದ್ದಿತು, 2012ರಲ್ಲಿ ಎಕ್ಲಿಪ್ಸ್ ಎಂಬ ಇನ್ನೊಂದು ದೊಡ್ಡ ಓಟ ಗೆದ್ದಿತು. ಆಗ ಆ ಅರ್ಧ ಲೆಂತ್‌ಗೆ ಬೇರೆಯೇ ಬೆಲೆ ಬಂತು. ಫ್ರಾಂಕೆಲ್ ಓಡಿದ 14 ಓಟಗಳಲ್ಲಿ ಒಂದನ್ನೂ ಸೋಲಲಿಲ್ಲ. ಮೊದಲ ಓಟದ ತೂಕ ಗೊತ್ತಾಗಲು ಸೋತವರ ಮುಂದಿನ ಓಟಗಳನ್ನು ಕಾಯಬೇಕು, ಅಲ್ವಾ?

ವಯಸ್ಸಿನದೂ ಒಂದು ವಿಷಯ. ಕೋಣ ಕಿರಿಯ ವಿಭಾಗದ್ದೋ ಹಿರಿಯದ್ದೋ ಅಂತ ನಾವು ಹಲ್ಲು ನೋಡುತ್ತೇವೆ. ನಮ್ಮ ದೇಶದ ರೇಸ್ ಕುದುರೆಗಳಿಗೆಲ್ಲ ಜನವರಿ 1ಕ್ಕೆ ಒಂದು ವರ್ಷ ಕೂಡುತ್ತದೆ. ಜನವರಿಯಲ್ಲಿ ಹುಟ್ಟಿದ್ದೂ ಏಪ್ರಿಲ್‌ನಲ್ಲಿ ಹುಟ್ಟಿದ್ದೂ ಕಾಗದದಲ್ಲಿ ಒಂದೇ ವಯಸ್ಸು. ಎಳೆಯ ಮೈಗೆ ಆ ಮೂರು ತಿಂಗಳು ಸಣ್ಣದಲ್ಲ. ತಡವಾಗಿ ಹುಟ್ಟಿದ ಕುದುರೆ ಹಿಂದೆ ಬಿದ್ದರೆ ನಾನು ಅದನ್ನು ಬಿಟ್ಟುಹಾಕುವುದಿಲ್ಲ.

ಇನ್ನು ದೂರ. ಮುಂಬೈನ ಇಂಡಿಯನ್ ಡರ್ಬಿ 2400 ಮೀಟರ್. 1200ರಲ್ಲಿ ಮಿಂಚಿದ್ದು ಅಲ್ಲಿ ದಮ್ಮು ಕಟ್ಟಿ ನಿಂತುಬಿಡಬಹುದು. ತಂದೆ ತಾಯಿ ಎಷ್ಟು ದೂರ ಗೆದ್ದಿದ್ದವು ಅಂತ ನೋಡುತ್ತೇನೆ. ಕೊನೆಯ 400 ಮೀಟರ್ ಅನ್ನು ಎರಡೆರಡು ಸಲ ನೋಡುತ್ತೇನೆ.

ಬಾಜಿ ಕಟ್ಟಲು ಕೇಳುವವರಿಗೆ ಮಾತ್ರ ನಾನು ಉತ್ತರ ಕೊಡುವುದಿಲ್ಲ. ಕುದುರೆ ಮೇಲಿನ ಪ್ರೀತಿಗೆ ಕೇಳಿದರೆ ಬೆಳಗಿನವರೆಗೂ ಕೂರುತ್ತೇನೆ.

ಮೊನ್ನೆ ಗೆಳೆಯರೊಬ್ಬರು ತೋರಿಸಿದ ವಿಡಿಯೊದಲ್ಲಿ ನನ್ನ ಕಣ್ಣು ನಿಂತದ್ದು ಮೂರನೆಯದಾಗಿ ಬಂದ ಕುದುರೆಯ ಮೇಲೆ. ಮುಂದೆ ಕುದುರೆಗಳ ಗೋಡೆ, ನುಗ್ಗಲು ಜಾಗವಿಲ್ಲ. ಕೊನೆಯ 200 ಮೀಟರ್‌ನಲ್ಲಿ ದಾರಿ ಸಿಕ್ಕಿತು. ಜಾಕಿ ಚಾವಟಿ ಎತ್ತಲಿಲ್ಲ. ಗೆರೆ ದಾಟಿದ ಮೇಲೂ ಅದು ವೇಗ ಇಳಿಸದೆ, ಗೆದ್ದ ಕುದುರೆಯನ್ನು ಹಿಂದೆ ಹಾಕಿತು. ಹೆಸರು ಬರೆದಿಟ್ಟುಕೊಂಡಿದ್ದೇನೆ. ಅದನ್ನು 1600 ಮೀಟರ್‌ನಲ್ಲಿ ಓಡಿಸುವ ದಿನಕ್ಕೆ ಕಾಯುತ್ತಿದ್ದೇನೆ.